ಪಿಕಪ್ ಹೋದ ಮಾತ್ರಕ್ಕೆ ಟರ್ಬೋ ಹೋಗಿರುವುದಿಲ್ಲ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಬರುವಾಗ ಹೆದ್ದಾರಿ ಗೊತ್ತಾಗದ ಹಾಗೆ ಏರುತ್ತಾ ಹೋಗುತ್ತದೆ. ಮುಂದೆ ಲೋಡು ಲಾರಿ ಇದೆ, ಓವರ್‌ಟೇಕ್ ಮಾಡೋಣ ಎಂದು ಬಲಕ್ಕೆ ತೆಗೆದು ಆಕ್ಸಿಲರೇಟರ್ ಒತ್ತುತ್ತೀರಿ. ಕಾರು ಎಳೆಯುವುದಿಲ್ಲ. ಕಾಲು ಪೂರ್ತಿ ಕೆಳಗಿಳಿದರೂ ಆರ್‌ಪಿಎಂ ಮುಳ್ಳು 2500ರ ಆಸುಪಾಸಿನಲ್ಲೇ ಕೂತಿದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದೆ. ಎಂಜಿನ್ ಓಡುತ್ತಿದೆ, ಎಸಿ ಬರುತ್ತಿದೆ, ಶಕ್ತಿ ಮಾತ್ರ ಇಲ್ಲ.

ಹಿಂದೆ ಇದು ಹೆಚ್ಚಾಗಿ ಡೀಸೆಲ್ ಗಾಡಿಯವರ ತಲೆನೋವಾಗಿತ್ತು. 2017ರಲ್ಲಿ ಬಂದ ಟಾಟಾ ನೆಕ್ಸಾನ್, 2019ರ ಹುಂಡೈ ವೆನ್ಯೂ ಮುಂತಾದ ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಟರ್ಬೋ ಬಂದ ಮೇಲೆ ದಾವಣಗೆರೆಯ ಯಾವ ಬೀದಿಗೆ ಹೋದರೂ ಒಂದೆರಡು ಟರ್ಬೋ ಕಾರು ಸಿಗುತ್ತವೆ. ಪಿಕಪ್ ಹೋಯಿತೆಂದು ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ಬರುವ ಮಾತು, "ಟರ್ಬೋ ಹೋಗೈತ್ರಿ ಸಾರ್." ಹೊಸ ಟರ್ಬೋ ಎಂದರೆ ಹತ್ತಾರು ಸಾವಿರದ ಬಾಬತ್ತು. ಆದರೆ ದಿಢೀರನೆ ಶಕ್ತಿ ಕುಸಿದಾಗ ಬಹುಪಾಲು ಕೆಟ್ಟಿರುವುದು ಟರ್ಬೋ ಅಲ್ಲ, ಅದರ ಆಚೀಚೆ ಇರುವ ಪೈಪು, ಫಿಲ್ಟರ್, ವಾಲ್ವ್ ಅಥವಾ ವೈರು. ಯಾವುದು ಎಂದು ಪತ್ತೆ ಮಾಡುವುದಕ್ಕೆ ಒಂದು ಕ್ರಮವಿದೆ. ಅದನ್ನು ತಿಳಿಯುವ ಮೊದಲು ಗಾಳಿ ಯಾವ ದಾರಿಯಲ್ಲಿ ಹೋಗಿ ಬರುತ್ತದೆಂದು ನೋಡಿಬಿಡೋಣ.

ಗಾಳಿಯ ದಾರಿ

ಎಂಜಿನ್ನಿನ ಶಕ್ತಿ ಇಂಧನದಿಂದ ಬರುತ್ತದೆ ಎನ್ನುತ್ತೇವೆ. ಆದರೆ ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು 14 ಗ್ರಾಂಗೂ ಹೆಚ್ಚು ಗಾಳಿ ಬೇಕು. ಹಾಗಾಗಿ ಎಂಜಿನ್ ಎಷ್ಟು ಶಕ್ತಿ ಕೊಡಬಲ್ಲದು ಎಂಬುದು ಎಷ್ಟು ಗಾಳಿ ಒಳಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಕಮ್ಮಾರನ ಕುಲುಮೆಯನ್ನು ನೆನೆಸಿಕೊಳ್ಳಿ. ಅದೇ ಇದ್ದಿಲು, ತಿದಿ ಒತ್ತಿದಾಗ ಮಾತ್ರ ಕಬ್ಬಿಣ ಕೆಂಪಾಗುತ್ತದೆ. ಟರ್ಬೋ ಎಂಜಿನ್ನಿನ ತಿದಿ. ಒಂದೇ ವ್ಯತ್ಯಾಸ, ಇಲ್ಲಿ ತಿದಿ ಒತ್ತಲು ಆಳು ಬೇಕಿಲ್ಲ, ಬೆಂಕಿಯಿಂದ ಹೊರಬರುವ ಹೊಗೆಯೇ ಆ ಕೆಲಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಶಿ 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ.

ಟರ್ಬೋದಲ್ಲಿ ಒಂದೇ ದಂಡಕ್ಕೆ ಕೂರಿಸಿದ ಎರಡು ಪುಟ್ಟ ಚಕ್ರಗಳಿವೆ. ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ಇದಕ್ಕೆ ಮಾಮೂಲು, ಸಣ್ಣ ಟರ್ಬೋಗಳು ಎರಡು ಲಕ್ಷದವರೆಗೂ ಹೋಗುತ್ತವೆ. ಇಷ್ಟು ವೇಗದ ದಂಡವನ್ನು ಹೆಚ್ಚಿನ ಕಾರುಗಳಲ್ಲಿ ಹಿಡಿದು ನಿಲ್ಲಿಸುವುದು ಎಂಜಿನ್ ಆಯಿಲ್ಲಿನ ಒಂದು ತೆಳು ಪದರ. ಈ ಮಾತು ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಗಾಳಿ ಏರ್ ಫಿಲ್ಟರ್ ಮೂಲಕ ಬಂದು ಟರ್ಬೋದಲ್ಲಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಎಂಜಿನ್ನಿಗೆ ಬೇಕಾದ್ದು ದಟ್ಟವಾದ ಗಾಳಿ. ಅದಕ್ಕೇ ನಡುವೆ ಇಂಟರ್‌ಕೂಲರ್ ಇದೆ. ನೋಡಲು ರೇಡಿಯೇಟರ್ ತರಹದ್ದು, ಹೆಚ್ಚಾಗಿ ಬಂಪರಿನ ಹಿಂದೆ ಕೂತಿರುತ್ತದೆ. ಅಲ್ಲಿ ತಣಿದ ಗಾಳಿ ಮತ್ತೊಂದು ಪೈಪಿನಲ್ಲಿ ಎಂಜಿನ್ನಿಗೆ ಹೋಗಿ, ಇಂಧನದ ಜೊತೆ ಉರಿದು, ಹೊಗೆಯಾಗಿ ಟರ್ಬೋದ ಇನ್ನೊಂದು ಚಕ್ರವನ್ನು ತಿರುಗಿಸಿ, ಹೊಗೆ ಶುದ್ಧ ಮಾಡುವ ಡಬ್ಬಿ ಮತ್ತು ಸೈಲೆನ್ಸರ್ ದಾಟಿ ಹೊರಬೀಳುತ್ತದೆ. ಈ ದಾರಿಯುದ್ದಕ್ಕೂ ಸೆನ್ಸರ್‌ಗಳಿವೆ. ಅವು ಕೊಡುವ ಲೆಕ್ಕ ನೋಡಿಕೊಂಡು ಎಷ್ಟು ಇಂಧನ ಬಿಡಬೇಕು, ಟರ್ಬೋವನ್ನು ಎಷ್ಟು ಓಡಿಸಬೇಕು ಎಂದು ನಿರ್ಧರಿಸುವುದು ಇಸಿಯು ಎಂಬ ಕಂಪ್ಯೂಟರ್.

ದಾರಿಯಲ್ಲಿ ಎಲ್ಲಿ ಸೋರಿದರೂ, ಎಲ್ಲಿ ಕಟ್ಟಿಕೊಂಡರೂ, ಯಾವ ಸೆನ್ಸರ್ ಸುಳ್ಳು ಹೇಳಿದರೂ ಸೀಟಿನಲ್ಲಿ ಕೂತವರಿಗೆ ತಿಳಿಯುವುದು ಒಂದೇ ಸಂಗತಿ, ಗಾಡಿ ಎಳೆಯುತ್ತಿಲ್ಲ.

ಕಾರು ತಾನಾಗಿಯೇ ಕುಂಟುವುದು ಏಕೆ

ಇಸಿಯು ಇಷ್ಟು ಒತ್ತಡ ಬೇಕು ಎಂದು ಕೇಳಿದಾಗ ಅದಕ್ಕಿಂತ ತೀರಾ ಕಡಿಮೆ ಬಂದರೆ ಎಲ್ಲೋ ಸೋರಿಕೆ ಇದೆ ಎಂದು ಅದು ಅನುಮಾನಿಸುತ್ತದೆ. ಹೆಚ್ಚು ಬಂದರೆ ಎಂಜಿನ್ನಿಗೇ ಅಪಾಯ. ಎರಡೂ ಸಂದರ್ಭದಲ್ಲಿ ಅದು ಟರ್ಬೋದ ಒತ್ತಡವನ್ನು ಕನಿಷ್ಠಕ್ಕೆ ಇಳಿಸಿ, ಇಂಧನ ಕಡಿಮೆ ಮಾಡಿ, ಹಲವು ಕಾರುಗಳಲ್ಲಿ ಆರ್‌ಪಿಎಂಗೂ ಮಿತಿ ಹಾಕುತ್ತದೆ. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಕುಂಟುತ್ತಲಾದರೂ ಮನೆಗೋ ಗ್ಯಾರೇಜಿಗೋ ತಲುಪಲಿ, ಎಂಜಿನ್ ಉಳಿಯಲಿ ಎಂಬುದು ಲೆಕ್ಕ. ಅಂದರೆ ದಿಢೀರನೆ ಶಕ್ತಿ ಹೋಯಿತೆಂದರೆ ಅನೇಕ ಸಲ ಏನೋ ಮುರಿದುಬಿದ್ದಿದೆ ಎಂದಲ್ಲ, ಕಂಪ್ಯೂಟರ್ ಬೇಕೆಂದೇ ಶಕ್ತಿಯನ್ನು ತಡೆದಿದೆ ಎಂದರ್ಥ.

ರಸ್ತೆಬದಿಯಲ್ಲಿ ಐದು ನಿಮಿಷ

ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದ್ದರೆ, ಎಂಜಿನ್ ಬಿಸಿಯ ಮುಳ್ಳು ಮೇಲೇರಿದ್ದರೆ, ಲೋಹ ಉಜ್ಜುವ ಸದ್ದು ಬರುತ್ತಿದ್ದರೆ ಅಥವಾ ಹಿಂದೆ ನೀಲಿ ಹೊಗೆ ದಟ್ಟವಾಗಿ ಏಳುತ್ತಿದ್ದರೆ ಅಲ್ಲೇ ಆಫ್ ಮಾಡಿ. ಮುಂದಿನ ಪ್ರಯಾಣ ಟೋ ಗಾಡಿಯಲ್ಲಿ. ಪೆಟ್ರೋಲ್ ಕಾರಿನಲ್ಲಿ ಚೆಕ್ ಲೈಟ್, ಅಂದರೆ ಎಂಜಿನ್ನಿನ ಹಳದಿ ದೀಪ, ಸುಮ್ಮನೆ ಹತ್ತಿರುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಮಿಣುಕುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಹೋಗುತ್ತಿದೆ ಎಂದರ್ಥ. ಓಡಿಸುತ್ತಲೇ ಇದ್ದರೆ ಹೊಗೆ ಶುದ್ಧ ಮಾಡುವ ಡಬ್ಬಿ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಸುಟ್ಟುಹೋಗಬಹುದು.

ಇವು ಯಾವುವೂ ಇಲ್ಲದಿದ್ದರೆ ಎಂಜಿನ್ ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಶಕ್ತಿ ಪೂರ್ತಿ ಮರಳಿ ಬಂದು, ಮತ್ತೆ ಅಂಥದ್ದೇ ಏರು, ಅಂಥದ್ದೇ ಓವರ್‌ಟೇಕ್ ಬಂದಾಗ ಹೋದರೆ ಅದು ಬಹಳ ಒಳ್ಳೆಯ ಸುಳಿವು. ಟರ್ಬೋದ ಒತ್ತಡ ನಿಯಂತ್ರಿಸುವ ಭಾಗ ಅಂಟಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಅನೇಕ ಡೀಸೆಲ್ ಟರ್ಬೋಗಳಲ್ಲಿ ಹೊಗೆಯ ಹರಿವನ್ನು ತಿರುಗಿಸುವ ಸಣ್ಣ ರೆಕ್ಕೆಗಳಿರುತ್ತವೆ, ಮಸಿ ಕಟ್ಟಿದಾಗ ಅವು ಸಲೀಸಾಗಿ ಆಡುವುದಿಲ್ಲ. ಮರಳಿ ಸ್ಟಾರ್ಟ್ ಮಾಡಿದರೂ ಶಕ್ತಿ ಬಾರದಿದ್ದರೆ ಪೈಪು ಕಳಚಿರುವುದು, ಸೆನ್ಸರ್ ಅಥವಾ ವೈರು ಹೋಗಿರುವುದು, ಇಂಧನದ ತೊಂದರೆ ಇವುಗಳ ಕಡೆ ನೋಡಬೇಕು.

ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ, ಎಂಜಿನ್ ಬಿಸಿಯಿದ್ದಾಗಲೋ ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಇದರಷ್ಟು ಉಪಯೋಗದ ಮಾಹಿತಿ ಬೇರೆ ಇಲ್ಲ. "ಪಿಕಪ್ ಇಲ್ಲ" ಎಂದಷ್ಟೇ ಹೇಳಿದರೆ ಅವನೂ ಊಹೆಯನ್ನೇ ಮಾಡಬೇಕಾಗುತ್ತದೆ.

ತಪ್ಪು ಎಂಜಿನ್ನಿನದೇ ಹೌದೇ

ಆರ್‌ಪಿಎಂ ಏರುತ್ತಿದೆ, ವೇಗ ಏರುತ್ತಿಲ್ಲ ಎಂದಾದರೆ ಎಂಜಿನ್ ಸರಿಯಾಗಿದೆ, ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆಯೂ ಬರಬಹುದು. ಒಂದು ಚಕ್ರದ ಹತ್ತಿರ ಕೈ ಒಯ್ದರೆ ಬೇರೆ ಮೂರಕ್ಕಿಂತ ತೀರಾ ಬಿಸಿ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತುಂಬು ಕಾರಿನಲ್ಲಿ ಎಸಿ ಹಾಕಿಕೊಂಡು ಹೋಗುವಾಗ ತುಸು ಮಂಕಾಗುವುದು ಕಾಯಿಲೆಯಲ್ಲ. ಹೊರಗಿನ ಗಾಳಿಯೇ ಕಾದಿರುವಾಗ ಇಂಟರ್‌ಕೂಲರ್ ಎಷ್ಟೆಂದು ತಣಿಸೀತು?

ಸೋರುವ ಪೈಪು

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಟರ್ಬೋದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ಕಪ್ಪು ಪೈಪುಗಳನ್ನು ಹುಡುಕಿ. ಕಣ್ಣಿಗೆ ಬೀಳುವ ಮೇಲ್ಭಾಗ ಹೊಸದರಂತೆ ಇರುತ್ತದೆ. ಕೈಯನ್ನು ಪೈಪಿನ ತಳಕ್ಕೆ ಒಯ್ದು ಸವರಿ, ಕ್ಲಿಪ್ಪಿನ ಅಂಚಿನಲ್ಲೂ ತಿರುವಿನಲ್ಲೂ ಬೆರಳಾಡಿಸಿ. ಸೀಳು ಇದ್ದ ಕಡೆ ಬೆರಳಿಗೆ ಎಣ್ಣೆ ಜಿಡ್ಡು ಹತ್ತುತ್ತದೆ. ಒಳಗೆ ಹರಿಯುವ ಗಾಳಿಯಲ್ಲಿ ಎಂಜಿನ್ನಿನ ಆಯಿಲ್ ಆವಿ ತುಸು ಇರುವುದು ಸಹಜ. ಗಾಳಿ ಸೀಳಿನಿಂದ ನುಗ್ಗಿದಾಗ ಆ ಆಯಿಲ್ ಸುತ್ತ ಸಿಡಿಯುತ್ತದೆ, ಅದಕ್ಕೆ ನಮ್ಮ ಕಡೆಯ ಕೆಂಪು ಧೂಳು ಅಂಟಿ ಕರಿಗೆಂಪು ಮೆತ್ತೆಯಾಗಿ ಕೂರುತ್ತದೆ. ಉಳಿದ ಕಡೆ ಒಣ ಧೂಳು, ಒಂದೇ ಕಡೆ ಒದ್ದೆ ಮೆತ್ತೆ ಕಂಡರೆ ಕಳ್ಳ ಬಹುತೇಕ ಸಿಕ್ಕ ಹಾಗೆ.

ಈ ಸೀಳು ಎಂಜಿನ್ ಐಡಲ್‌ನಲ್ಲಿರುವಾಗ ಕಾಣಿಸದೇ ಹೋಗುವುದಕ್ಕೆ ಕಾರಣವಿದೆ. ನಿಂತ ಗಾಡಿಯಲ್ಲಿ ಟರ್ಬೋ ಒತ್ತಡವನ್ನೇ ಕೊಡುವುದಿಲ್ಲ, ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೂ ಬರುವ ಒತ್ತಡ ಅಲ್ಪ. ರಬ್ಬರಿನ ಸೀಳು ಮುಚ್ಚಿಕೊಂಡೇ ಇರುತ್ತದೆ. ಭಾರ ಎಳೆಯುವಾಗ ಒತ್ತಡ ಏರಿದ ಕೂಡಲೇ ಬಾಯಿ ತೆರೆಯುತ್ತದೆ, ಆಗ ಮಾತ್ರ ಸುಸ್ಸ್ ಎಂಬ ಸದ್ದು. ಕಿಟಕಿ ಇಳಿಸಿ ಗೋಡೆಯ ಪಕ್ಕದಲ್ಲಿ ಓಡಿಸಿದರೆ ಸದ್ದು ಮರಳಿ ಬಂದು ಸ್ಪಷ್ಟವಾಗಿ ಕೇಳಿಸುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಹೊಗೆ ಬಿಟ್ಟು ನೋಡುವ ಯಂತ್ರ ಇರುತ್ತದೆ. ಇಲ್ಲದಿದ್ದರೂ ಪಂಕ್ಚರ್ ಅಂಗಡಿಯ ವಿದ್ಯೆ ಸಾಕು. ಪೈಪಿನ ಬಾಯಿ ಮುಚ್ಚಿ, ರೆಗ್ಯುಲೇಟರ್ ಹಾಕಿ ಒಂದು ಬಾರ್‌ಗಿಂತ ಕಡಿಮೆ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಕಂಪ್ರೆಸರ್‌ನ ಪೂರ್ತಿ ಗಾಳಿ ಬಿಟ್ಟರೆ ಮಾತ್ರ ಸರಿಯಿದ್ದ ಸೀಲುಗಳೂ ಕಿತ್ತುಹೋಗುತ್ತವೆ.

ದಪ್ಪ ಪೈಪಿನ ಜೊತೆಗೆ ಪೆನ್ನಿನ ರೀಫಿಲ್‌ಗಿಂತ ತುಸು ದಪ್ಪದ ವ್ಯಾಕ್ಯೂಮ್ ಪೈಪುಗಳೂ ಇವೆ. ಅನೇಕ ಕಾರುಗಳಲ್ಲಿ ಟರ್ಬೋವನ್ನು ಹಿಡಿತದಲ್ಲಿಡುವುದು ಇವೇ. ಬಿಸಿಗೆ ಬಿರುಸಾಗಿ ತುದಿಯಲ್ಲಿ ಸೀಳುತ್ತವೆ, ಸೀಳಿದ ತುದಿ ಕತ್ತರಿಸಿ ಮತ್ತೆ ಕೂರಿಸಿದರೂ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಬೆಲೆ ನೂರರ ಲೆಕ್ಕದ್ದು. ಮೆಕ್ಕೆಜೋಳದ ಸುಗ್ಗಿಯಲ್ಲಿ ಕಣದ ಹತ್ತಿರವೋ ಗೋದಾಮಿನ ಪಕ್ಕವೋ ರಾತ್ರಿ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ಹುಡುಕಬೇಕು. ಎಂಜಿನ್ನಿನ ಬಿಸಿಗೆ ಬಂದ ಇಲಿಗೆ ವೈರೂ ಪೈಪೂ ಒಂದೇ.

ಅಷ್ಟು ಹೊತ್ತು ಬಾನೆಟ್ ತೆರೆದೇ ಇರುವುದರಿಂದ ಏರ್ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿ ನೋಡಿ. ಜೋಳದ ರವದಿ, ಎಲೆ, ಕೆಲವೊಮ್ಮೆ ಇಲಿಗೂಡೇ ಸಿಗುತ್ತದೆ. ಫಿಲ್ಟರ್‌ಗೆ ಜೋರು ಗಾಳಿ ಹೊಡೆದು ಮತ್ತೆ ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇದೆ. ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗಿ ಧೂಳು ನೇರವಾಗಿ ಟರ್ಬೋದ ಚಕ್ರಕ್ಕೆ ಹೋಗುತ್ತದೆ. ಧೂಳಿನ ರಸ್ತೆಯಲ್ಲೇ ಓಡಾಡುವವರು ಕಂಪನಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಹೊಸದು ಹಾಕಿಸುವುದು ಅಗ್ಗ.

ಹೊಗೆಯ ಬಣ್ಣ

ಡೀಸೆಲ್ ಕಾರಿನಲ್ಲಿ ರೇಸ್ ಕೊಟ್ಟಾಗ ಕಪ್ಪು ಹೊಗೆ ಎದ್ದರೆ ಡೀಸೆಲ್ ಇದೆ, ಗಾಳಿ ಸಾಲದು. ಅಂದರೆ ಸೋರಿಕೆ, ಕಟ್ಟಿದ ಫಿಲ್ಟರ್ ಅಥವಾ ತೆರೆದೇ ಉಳಿದ ಇಜಿಆರ್ ವಾಲ್ವ್. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವುದು ಈ ವಾಲ್ವಿನ ಕೆಲಸ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಆಗ ಟರ್ಬೋದ ಮೇಲೆ ಅನುಮಾನ ಪಡುವುದು ನ್ಯಾಯ. ಎಂಜಿನ್ ಬಿಸಿಯಾದ ಮೇಲೂ ಬಿಡದೆ ಬರುವ ಬಿಳಿ ಹೊಗೆಗೆ ಉರಿಯದ ಡೀಸೆಲ್ ಅಥವಾ ಸಿಲಿಂಡರಿಗೆ ಸೇರುತ್ತಿರುವ ಕೂಲೆಂಟ್ ಕಾರಣವಿರಬಹುದು. ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮಕ್ಕೆ ತಕ್ಕಂತೆ ಬಂದ ಡೀಸೆಲ್ ಕಾರುಗಳಲ್ಲಿ ಮಾತ್ರ ಈ ಪರೀಕ್ಷೆ ಅಷ್ಟಾಗಿ ನಡೆಯದು. ಕಪ್ಪು ಮಸಿಯನ್ನೆಲ್ಲ ಫಿಲ್ಟರ್ ಹಿಡಿದುಬಿಡುವುದರಿಂದ ಸೈಲೆನ್ಸರ್ ತುದಿ ಚೊಕ್ಕಟವಾಗಿಯೇ ಇರುತ್ತದೆ.

ಊರೊಳಗಿನ ಓಡಾಟ ಮತ್ತು ಡಿಪಿಎಫ್

ಆ ಫಿಲ್ಟರಿನ ಹೆಸರು ಡಿಪಿಎಫ್. 2020ರ ಏಪ್ರಿಲ್ 1ರಂದು ಬಿಎಸ್6 ನಿಯಮ ದೇಶಾದ್ಯಂತ ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಇದು ಅನಿವಾರ್ಯವಾಯಿತು. ಹಿಡಿದ ಮಸಿಯನ್ನು ಇದು ಆಗಾಗ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ವಿದ್ಯಾನಗರದಿಂದ ಜಯದೇವ ವೃತ್ತಕ್ಕೆ, ಅಲ್ಲಿಂದ ಎಪಿಎಂಸಿಗೆ, ಮತ್ತೆ ಮನೆಗೆ ಎಂದು ಓಡುವ ಕಾರು ಅಷ್ಟು ಕಾಯುವುದೇ ಇಲ್ಲ. ಸುಡಲು ಶುರುವಾದ ಹೊತ್ತಿಗೆ ಮನೆ ಬಂದು ಆಫ್ ಆಗುತ್ತದೆ. ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಮಸಿ ಸುಡಲೆಂದು ಬಿಟ್ಟ ಹೆಚ್ಚುವರಿ ಡೀಸೆಲ್ ತುಸು ಎಂಜಿನ್ ಆಯಿಲ್ಲಿಗೂ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬರುತ್ತಿದ್ದರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಹೊಗೆ ಹೊರಹೋಗಲು ದಾರಿ ಕಟ್ಟಿದರೆ ಟರ್ಬೋ ತಿರುಗುವುದಿಲ್ಲ, ಗಾಳಿ ಒಳಬರುವುದಿಲ್ಲ. ಡಿಪಿಎಫ್ ದೀಪ ಹತ್ತಿದ ಶುರುವಿನಲ್ಲೇ ಹೆದ್ದಾರಿಗೆ ಹೋಗಿ 60 ಕಿಲೋಮೀಟರ್‌ಗಿಂತ ಹೆಚ್ಚಿನ ವೇಗದಲ್ಲಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ನಿಮ್ಮ ಕಾರಿನ ಕೈಪಿಡಿ ಹೇಳುವ ವೇಗವನ್ನೇ ಪಾಲಿಸಿ, ಟ್ಯಾಂಕಿನಲ್ಲಿ ಡೀಸೆಲ್ ತೀರಾ ಕಡಿಮೆ ಇರಬಾರದು. ದಾವಣಗೆರೆಯಿಂದ ಹರಿಹರದ ಕಡೆಗೋ ಚಿತ್ರದುರ್ಗದ ಕಡೆಗೋ ಒಂದು ಸುತ್ತು ಹೋಗಿ ಬಂದರೆ ಆಯಿತು. ದೀಪ ಕಡೆಗಣಿಸಿ ಲಿಂಪ್ ಮೋಡ್‌ವರೆಗೆ ಬಂದರೆ ರಸ್ತೆಯಲ್ಲಿ ಸುಡುವುದಿಲ್ಲ, ಸ್ಕ್ಯಾನರ್ ಹಾಕಿ ಗ್ಯಾರೇಜಿನಲ್ಲೇ ಸುಡಿಸಬೇಕು.

ಇಂಧನ ಮತ್ತು ಕಿಡಿ

ಗಾಳಿ ಸರಿಯಿದ್ದೂ ಡೀಸೆಲ್ ಕಾರು ಜರ್ಕ್ ಹೊಡೆಯುತ್ತಾ ಏರಿನಲ್ಲಿ ಸೋಲುತ್ತಿದ್ದರೆ ಡೀಸೆಲ್ ಫಿಲ್ಟರ್ ನೋಡಿ. ನೀರು, ಕೆಸರು ಸೇರಿದರೆ ಎಂಜಿನ್ ಕೇಳಿದಷ್ಟು ಡೀಸೆಲ್ ಹರಿಯುವುದಿಲ್ಲ. ಬಂಕಿನಲ್ಲಿ ತುಂಬಿಸಿದ ಸ್ವಲ್ಪ ಹೊತ್ತಿಗೇ ಶುರುವಾಯಿತೆಂದರೆ ರಸೀದಿ ಎತ್ತಿಡಿ. ಟರ್ಬೋ ಪೆಟ್ರೋಲ್ ಕಾರಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಮತ್ತು ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಮೊದಲ ಶಂಕಿತರು. ಒತ್ತಡ ಹೆಚ್ಚಿದಾಗ ಕಿಡಿ ಹಾರುವುದು ಕಷ್ಟ, ಸವೆದ ಪ್ಲಗ್ ಊರೊಳಗೆ ಸುಮ್ಮನಿದ್ದು ಹೆದ್ದಾರಿಯಲ್ಲಿ ಕೈಕೊಡುತ್ತದೆ.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

2013ರ ನಂತರದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಇಸಿಯು ಬರೆದಿಟ್ಟ ಕೋಡ್ ಸಿಗುತ್ತದೆ. ಪಿ0299 ಎಂದರೆ ಟರ್ಬೋ ಒತ್ತಡ ಕಡಿಮೆ, ಪಿ0234 ಎಂದರೆ ಹೆಚ್ಚು, ಪಿ0087 ಎಂದರೆ ಇಂಧನದ ಒತ್ತಡ ಸಾಲದು, ಪಿ2463 ಎಂದರೆ ಡಿಪಿಎಫ್‌ನಲ್ಲಿ ಮಸಿ ತುಂಬಿದೆ.

ಇಲ್ಲೇ ಎಡವಟ್ಟಾಗುವುದು. ಪಿ0299 ಕಂಡ ಕೂಡಲೇ ಟರ್ಬೋ ಬದಲಿಸಿ ಎನ್ನುವವರಿದ್ದಾರೆ. ಕೋಡ್ ಹೇಳಿದ್ದು ಒತ್ತಡ ಬರಲಿಲ್ಲ ಎಂದು ಮಾತ್ರ, ಯಾಕೆ ಬರಲಿಲ್ಲ ಎಂದಲ್ಲ. ಸೀಳಿದ ಪೈಪಿಗೂ ಸತ್ತ ಟರ್ಬೋಗೂ ಅದೇ ಕೋಡ್. ಕೋಡ್ ಅಳಿಸುವ ಮುನ್ನ ಅದರ ಜೊತೆ ದಾಖಲಾದ ಫ್ರೀಜ್ ಫ್ರೇಮ್ ಓದಿಸಿ, ದೋಷ ಕಂಡ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ ಶಾಖ ಎಲ್ಲ ಅದರಲ್ಲಿರುತ್ತದೆ.

ಕೋಡಿಗಿಂತ ಹೆಚ್ಚು ಹೇಳುವುದು ಲೈವ್ ಡೇಟಾ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಮ್ಯಾಪ್ ಸೆನ್ಸರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್, ಏನು ತೋರಿಸುತ್ತದೆಂದು ಓದಿ. ಆಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ 94ರ ಹತ್ತಿರ, 730 ಮೀಟರ್ ಎತ್ತರದ ಚಿತ್ರದುರ್ಗದಲ್ಲಿ 93ರ ಹತ್ತಿರ. ನಿಂತ ಎಂಜಿನ್ನಿನಲ್ಲಿ 70 ಅಥವಾ 120 ತೋರಿಸುತ್ತಿದ್ದರೆ ಸೆನ್ಸರ್ ಅಥವಾ ಅದರ ವೈರೇ ಸುಳ್ಳು ಹೇಳುತ್ತಿದೆ, ಟರ್ಬೋ ಮುಟ್ಟಬೇಡಿ.

ಆಮೇಲೆ ಏರು ರಸ್ತೆಯಲ್ಲಿ ಒಬ್ಬರು ಓಡಿಸಿ, ಇನ್ನೊಬ್ಬರು ಪರದೆ ನೋಡಬೇಕು. ಇಸಿಯು ಕೇಳಿದ ಒತ್ತಡ, ನಿಜವಾಗಿ ಬಂದ ಒತ್ತಡ ಎಂದು ಎರಡು ಅಂಕಿ ಇರುತ್ತವೆ. ಡೀಸೆಲ್ ಕಾರು ಪೂರ್ತಿ ಎಳೆಯುವಾಗ 200 ದಾಟುವುದು ಸಾಮಾನ್ಯ. ಕೇಳಿದ್ದು 210, ಬಂದದ್ದು 140 ಎಂದರೆ ಸೋರಿಕೆ ಅಥವಾ ಟರ್ಬೋ ನಿಯಂತ್ರಣದ ದೋಷ. ಬಂದದ್ದು ಕೇಳಿದ್ದಕ್ಕಿಂತ ತುಂಬಾ ಮೇಲೆ ಹೋಗಿ ಅಲ್ಲೇ ಶಕ್ತಿ ಕಡಿದುಬಿದ್ದರೆ ರೆಕ್ಕೆ ಅಂಟಿದೆ ಅಥವಾ ಹೆಚ್ಚಾದ ಹೊಗೆಯನ್ನು ಟರ್ಬೋ ಚಕ್ರದ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟ್ ತೆರೆಯುತ್ತಿಲ್ಲ. ಎರಡೂ ಅಂಕಿ ಜೊತೆಜೊತೆಗೇ ಏರಿ ಇಳಿದೂ ಗಾಡಿ ಎಳೆಯದಿದ್ದರೆ ಒತ್ತಡ ಸರಿಯಿದೆ, ಇಂಧನ, ಕಿಡಿ, ಕ್ಲಚ್ಚಿನ ಕಡೆ ಹೋಗಿ. ಇಡೀ ಪತ್ತೆಯಲ್ಲಿ ಇಷ್ಟು ಕೆಲಸಕ್ಕೆ ಬರುವ ಹತ್ತು ನಿಮಿಷ ಬೇರೆ ಇಲ್ಲ. ಗ್ಯಾರೇಜಿನವರು ಟೆಸ್ಟ್ ಡ್ರೈವ್ ಬೇಡ ಎಂದರೆ ಬೇರೆ ಗ್ಯಾರೇಜ್ ನೋಡಿ.

ಟರ್ಬೋವೇ ಹೋಗಿದ್ದರೆ

ನಿಜವಾಗಿ ಕೆಟ್ಟ ಟರ್ಬೋ ಗುರುತು ಬಿಟ್ಟೇ ಹೋಗುತ್ತದೆ. ರೇಸ್ ಕೊಟ್ಟಂತೆ ಏರುವ ಸೈರನ್ ತರಹದ ಕೂಗು, ನೀಲಿ ಹೊಗೆ, ವಾರದಿಂದ ವಾರಕ್ಕೆ ಇಳಿಯುವ ಆಯಿಲ್. ಖಾತ್ರಿ ಮಾಡಿಕೊಳ್ಳಲು ಟರ್ಬೋದ ಗಾಳಿ ಒಳಹೋಗುವ ಬಾಯಿಯ ಪೈಪು ಬಿಚ್ಚಿ, ತಣ್ಣಗಿನ ಎಂಜಿನ್ನಿನಲ್ಲಿ, ಚಕ್ರದ ಮೂತಿಯನ್ನು ಎರಡು ಬೆರಳಿನಲ್ಲಿ ಹಿಡಿದು ಆಡಿಸಬೇಕು. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗುವುದು ಸಹಜ, ಆಯಿಲ್ ಪದರಕ್ಕೆ ಬಿಟ್ಟ ಜಾಗ ಅದು. ಹಿಂದೆ ಮುಂದೆ ಅಲುಗಿದರೆ, ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡರೆ, ರೆಕ್ಕೆಯ ಅಂಚು ಚಕ್ಕೆ ಎದ್ದಿದ್ದರೆ ಆ ಟರ್ಬೋ ಮುಗಿಯಿತು. ಇಷ್ಟನ್ನು ನಿಮ್ಮ ಕಣ್ಣಮುಂದೆ ಮಾಡಿ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಅಪರೂಪಕ್ಕೆ ಕೆಟ್ಟ ಟರ್ಬೋದಿಂದ ಆಯಿಲ್ ನೇರ ಸಿಲಿಂಡರಿಗೆ ನುಗ್ಗಿ, ಡೀಸೆಲ್ ಎಂಜಿನ್ ಕೀ ತೆಗೆದರೂ ನಿಲ್ಲದೆ ತನ್ನ ಆಯಿಲ್ಲನ್ನೇ ಉರಿಸಿಕೊಂಡು ಅಬ್ಬರಿಸುತ್ತದೆ. ಮ್ಯಾನುಯಲ್ ಗೇರಿನ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕೊಲ್ಲಬೇಕು. ಆಟೋಮ್ಯಾಟಿಕ್ ಆದರೆ ಎಲ್ಲರೂ ಇಳಿದು ದೂರ ನಿಲ್ಲಿ.

ಟರ್ಬೋ ಸಾಯುವುದು ಹೆಚ್ಚಾಗಿ ಆಯಿಲ್ ಕಾರಣಕ್ಕೆ. ತಡವಾಗಿ ಬದಲಿಸಿದ್ದು, ಬೇರೆ ಗ್ರೇಡಿನದು ಹಾಕಿದ್ದು, ಆಯಿಲ್ ತರುವ ಸಣ್ಣ ಕೊಳವೆ ಕಟ್ಟಿದ್ದು. ಬೆಂಗಳೂರಿನಿಂದ ಒಂದೇ ಓಟದಲ್ಲಿ ಬಂದು ಬೆಣ್ಣೆ ದೋಸೆ ಹೋಟೆಲಿನ ಮುಂದೆ ಬ್ರೇಕ್ ಹಾಕಿದ ಕೂಡಲೇ ಆಫ್ ಮಾಡಿದರೆ ಕಾದು ಕೆಂಪಾದ ಟರ್ಬೋದೊಳಗೆ ನಿಂತ ಆಯಿಲ್ ಕರಕಲಾಗುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ ಓಡಿಸಿ, ಒಂದು ನಿಮಿಷ ಐಡಲ್ ಬಿಟ್ಟರೆ ಸಾಕು, ದೋಸೆ ಎಲ್ಲಿಗೂ ಹೋಗುವುದಿಲ್ಲ.

ಹೊಸ ಟರ್ಬೋ ಕೂರಿಸುವಾಗ ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿದ್ದಾರೆಯೇ, ಆಯಿಲ್ ಕೊಳವೆ ಬದಲಿಸಿದ್ದಾರೆಯೇ ಅಥವಾ ಶುಚಿ ಮಾಡಿದ್ದಾರೆಯೇ, ಇಂಟರ್‌ಕೂಲರಿನಲ್ಲಿ ನಿಂತ ಹಳೆಯ ಆಯಿಲ್ ಮತ್ತು ಲೋಹದ ಚೂರು ತೆಗೆದಿದ್ದಾರೆಯೇ, ಸ್ಟಾರ್ಟ್ ಮಾಡುವ ಮುನ್ನ ಟರ್ಬೋಗೆ ಆಯಿಲ್ ತುಂಬಿದ್ದಾರೆಯೇ ಎಂದು ಕೇಳಿ. ಹಳೆಯದು ಯಾಕೆ ಹೋಯಿತೆಂದು ಪತ್ತೆಯಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬಿಚ್ಚಿದ ಹಳೆಯ ಟರ್ಬೋವನ್ನು ಕೇಳಿ ಪಡೆದು, ಅದರ ಚಕ್ರವನ್ನು ನೀವೇ ಒಮ್ಮೆ ಬೆರಳಿನಲ್ಲಿ ಆಡಿಸಿ ನೋಡಿ, ಆಮೇಲೆ ಬಿಲ್ ಕೊಡಿ.